ಶನಿ ಗ್ರಹದ ಲೇಖನ: ಇನ್ನೊಮ್ಮೆ ಬರೆದು ಕಳಿಸಿ

ನಮಸ್ಕಾರ.

ರಾಯಚೂರಿನಿಂದ ನೀವು ಕಳಿಸಿದ ‘ಉಂಗುರದ ಶನಿ’ ಓದಿದೆವು. ಮಕ್ಕಳ ಪುಟಕ್ಕೆ ಇದ್ದ ಹಾಗೇ ಹಾಕಲು ಬರುವುದಿಲ್ಲ. ಎರಡು ಪುಟದಲ್ಲಿ ಮೂವತ್ತು ಅಂಕಿ ತುರುಕಿದ್ದೀರಿ. ಐದನೇ ಕ್ಲಾಸಿನ ಮಗುವಿಗೆ ಅದರಲ್ಲಿ ಒಂದೂ ದಕ್ಕುವುದಿಲ್ಲ.

ಉಂಗುರಗಳ ಅಡ್ಡಗಲ ಸುಮಾರು 2,73,000 ಕಿ.ಮೀ., ದಪ್ಪ ಬಹಳ ಕಡೆ ಹತ್ತು ಮೀಟರ್ ಆಸುಪಾಸು ಎಂದು ಬರೆದು ಮುಂದೆ ಓಡಿಬಿಟ್ಟಿದ್ದೀರಿ. ನಿಲ್ಲಬೇಕಾದದ್ದು ಅಲ್ಲೇ. ಒಂದು ಮಿ.ಮೀ. ದಪ್ಪದ ಖಡಕ್ ರೊಟ್ಟಿ ತಗೊಳ್ಳಿ. ಶನಿಯ ಉಂಗುರದ ಲೆಕ್ಕದಲ್ಲಿ ಆ ರೊಟ್ಟಿ 27 ಕಿ.ಮೀ. ಅಗಲ ಇರಬೇಕು. ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟ ಬಸ್ಸು ಅರ್ಧ ತಾಸು ಓಡಿದರೂ ರೊಟ್ಟಿ ಮುಗಿಯದು! ರೊಟ್ಟಿಯ ಅಂಚನ್ನು ಕಣ್ಣಿನ ನೇರಕ್ಕೆ ಹಿಡಿಯಲು ಮಗುವಿಗೆ ಹೇಳಿ. ಬರೀ ಗೆರೆ ಕಾಣುತ್ತದೆ. 1610ರಲ್ಲಿ ಶನಿಯ ಎರಡೂ ಮಗ್ಗುಲಲ್ಲಿ ಏನೋ ಇದೆ ಎಂದು ಕಂಡಿದ್ದ ಗೆಲಿಲಿಯೋಗೆ 1612ರಲ್ಲಿ ಅದು ಕಾಣದೆ ಹೋದದ್ದು ಇದಕ್ಕೇ. 2025ರ ಮಾರ್ಚ್‌ನಲ್ಲೂ ಅಂಚು ನಮ್ಮ ಕಡೆಗೇ ತಿರುಗಿತ್ತು. ಅಂದಹಾಗೆ, ಅದು ಉಂಗುರವೆಂದು 1659ರಲ್ಲಿ ಹೇಳಿದವರು ಡಚ್ ವಿಜ್ಞಾನಿ ಹೈಗನ್ಸ್. ಗೆಲಿಲಿಯೋ ಅಲ್ಲ, ತಿದ್ದಿ.

‘ಗಟ್ಟಿ ತಟ್ಟೆ’ ಎಂಬ ಮಾತೂ ತಪ್ಪು. ಮರಳಿನ ಕಾಳಿನಿಂದ ಮನೆಗಾತ್ರದವರೆಗಿನ ಮಂಜುಗಡ್ಡೆಯ ಚೂರುಗಳು ಅವು. ಶನಿಗೆ ಹತ್ತಿರದವು ಬೇಗ, ದೂರದವು ನಿಧಾನ ಸುತ್ತುತ್ತವೆ. ಒಂದೇ ತಟ್ಟೆಯಾಗಿದ್ದರೆ ಒಡೆದು ಚೂರಾಗುತ್ತಿತ್ತು. ಗುರು, ಯುರೇನಸ್, ನೆಪ್ಚೂನ್‌ಗೂ ಉಂಗುರಗಳಿವೆ, ಹಾಗಾಗಿ ‘ಶನಿಗೆ ಮಾತ್ರ’ ಹೊಡೆದುಹಾಕಿ. ಚಂದ್ರರು 82 ಎಂಬುದು ಹಳೇ ಲೆಕ್ಕ. 2025ರ ಮಾರ್ಚ್‌ಗೆ 274. ವರ್ಷ ಸೇರಿಸಿಯೇ ಬರೆಯಿರಿ.

ಆರಂಭದಲ್ಲಿ ಶನಿಕಾಟದ ಹೆದರಿಕೆ ಬೇಡ. ಆದರೆ ಸಾಡೇಸಾತಿ ಎಂಬ ಶಬ್ದ ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ, ಅದನ್ನು ಬಿಡಬೇಡಿ. ಸೂರ್ಯನನ್ನು ಸುತ್ತಲು ಶನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಹತ್ತಿರ ಹತ್ತಿರ ಎರಡೂವರೆ; ಮೂರು ರಾಶಿ ದಾಟಲು ಏಳೂವರೆ, ಅದೇ ಸಾಡೇಸಾತಿ. ಮಾಳಿಗೆ ಮೇಲೆ ಮಲಗಿ ಆಕಾಶ ನೋಡುವ ಮಗುವಿಗೆ ಈ ಲೆಕ್ಕ ಸಾಕು.

ನಿಮ್ಮ ಚಿತ್ರದಲ್ಲಿ ಶನಿ ಕಂಪಾಸಿನಿಂದ ಎಳೆದಷ್ಟು ದುಂಡಗಿದೆ. ಹತ್ತೂವರೆ ತಾಸಿಗೊಮ್ಮೆ ತನ್ನ ಸುತ್ತಲೇ ತಿರುಗುವ ಅನಿಲದ ಗೋಳ ಅದು. ನಡು ಉಬ್ಬಿ, ಧ್ರುವಗಳು ಚಪ್ಪಟೆ. ಅಡ್ಡಕ್ಕೆ 6 ಸೆಂ.ಮೀ. ಬರೆದರೆ ಎತ್ತರ 5.4 ಇರಲಿ, ಉಂಗುರದ ತುದಿಯಿಂದ ತುದಿಗೆ 13.6. ಉಂಗುರದಲ್ಲಿ ಕಾಣುವ ಕಪ್ಪು ಸಂದು ಎರಡು ಮಿ.ಮೀ. ಸಾಕು.