ಕಾಗದ ಅಗ್ಗ, ಅದಕ್ಕೆ ಮುಂಚಿನ ಕೆಲಸ?

ಹೆಗ್ಗಡದೇವನಕೋಟೆ ಕಡೆಯ ಶಾಲಾ ಮೇಷ್ಟ್ರೊಬ್ಬರ ಪತ್ರ: ‘ಹೋದ ಸಂಚಿಕೆಯಲ್ಲಿ “ಕಾಗದದ ಚೂರಿನಲ್ಲೇ ಜೀನ್ ಪರೀಕ್ಷೆ” ಎಂದು ಬರೆದಿದ್ದೀರಿ. ಹಾಗಾದರೆ ನಮ್ಮ ಹಾಡಿ ಮಕ್ಕಳ ಸಿಕಲ್ ಸೆಲ್ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಪರೀಕ್ಷೆಗೆ ರಕ್ತ ಇನ್ನೂ ಮೈಸೂರಿಗೆ ಯಾಕೆ ಹೋಗಬೇಕು? ಇನ್ನೊಂದು ಮಾತು. ಕ್ಯಾಂಪಿನಲ್ಲಿ ಒಬ್ಬ ಹುಡುಗನ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಹಾಕಿ ನೋಡಿ “ವಾಹಕ ಅಷ್ಟೇ, ಕಾಯಿಲೆ ಇಲ್ಲ” ಅಂದರು. ಅವನಿಗೆ ಹಿಂದಿನ ತಿಂಗಳಷ್ಟೇ ರಕ್ತ ಹಾಕಿಸಿದ್ದೆವು. ನಂಬಬಹುದಾ?’

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಕೊಟ್ಟವನು ನಾನೇ. ಕಾಗದದ ಮೇಲೆ ನಡೆಯುವುದು ಪರೀಕ್ಷೆಯ ಕೊನೆಯ ಹಂತ ಮಾತ್ರ ಎಂದು ಅದರಲ್ಲಿ ಬರಲೇ ಇಲ್ಲ.

ಬಸಿರು ನೋಡುವ ಕಿಟ್ ಗೊತ್ತಲ್ಲ. ಅದು ಹುಡುಕುವ ಹಾರ್ಮೋನು ಮೂತ್ರದಲ್ಲಿ ಧಾರಾಳವಾಗಿ ಇರುತ್ತದೆ, ಹಾಗಾಗಿ ಗೆರೆ ತಾನಾಗಿ ಮೂಡುತ್ತದೆ. ಜೀನ್ ಹಾಗಲ್ಲ. ಜೀನ್ ಇರುವುದು ಡಿಎನ್‌ಎಯಲ್ಲಿ; ಒಂದು ಹನಿ ರಕ್ತದಲ್ಲಿ ಸಿಗುವಷ್ಟು ಡಿಎನ್‌ಎ ಕಣ್ಣಿಗೆ ಕಾಣುವ ಗೆರೆಗೆ ಸಾಲದು. ಮೊದಲು ಅದನ್ನು ರಕ್ತದಿಂದ ಬಿಡಿಸಿ ತೆಗೆಯಬೇಕು, ಆಮೇಲೆ ನಕಲು ಮಾಡಿ ಹೆಚ್ಚಿಸಬೇಕು. ಪಿಸಿಆರ್ ಯಂತ್ರ ಮಾಡುವುದು ಇದನ್ನೇ. ಸುಮಾರು 95 ಡಿಗ್ರಿಗೆ ಕಾಯಿಸು, ತಣಿಸು, ಮತ್ತೆ ಕಾಯಿಸು. ಪ್ರತಿ ಸುತ್ತಿಗೂ ಎರಡರಷ್ಟು. 30 ಸುತ್ತಿಗೆ ಒಂದು ಪ್ರತಿ 100 ಕೋಟಿ ದಾಟುತ್ತದೆ. ಮಕ್ಕಳ ಕೈಲಿ ಲೆಕ್ಕ ಹಾಕಿಸಿ ನೋಡಿ, ಖುಷಿಪಡುತ್ತಾರೆ. ಆದರೆ ಇದಕ್ಕೆ ಯಂತ್ರ ಬೇಕು, ಕರೆಂಟು ಬೇಕು, ಕೈ ಪಳಗಿದ ಟೆಕ್ನಿಷಿಯನ್ ಬೇಕು.

ಹೋದ ಸಂಚಿಕೆಯಲ್ಲಿ ನಾವು ಬರೆದದ್ದು ‘ಫೆಲೂದಾ’ ಎಂಬ ಕಾಗದದ ಪರೀಕ್ಷೆಯ ಬಗ್ಗೆ. ಬಂಗಾಳಿ ಕಥೆಗಳ ಪತ್ತೇದಾರನ ಹೆಸರು ಅದು. ದೆಹಲಿಯ ಐಜಿಐಬಿ ಎಂಬ ಜೀನ್ ಸಂಶೋಧನಾ ಸಂಸ್ಥೆಯ ದೇಬೋಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಮತ್ತು ಸಂಗಡಿಗರು ಮಾಡಿದ್ದು. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಪತ್ತೆಗೆ ಒಪ್ಪಿಗೆ ಸಿಕ್ಕಿತು. ಕೊರೊನಾ ಬರುವ ಮೊದಲು ಅವರು ಹಿಡಿಯಲು ಹೊರಟಿದ್ದು ನಿಮ್ಮ ಸಿಕಲ್ ಸೆಲ್ ಅನ್ನೇ! ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಜೀನಿನ ಒಂದೇ ಅಕ್ಷರ ತಪ್ಪಿರುತ್ತದೆ, ‘ಎ’ ಇರಬೇಕಾದಲ್ಲಿ ‘ಟಿ’. ಅವರು ಬಳಸುವ ಕ್ಯಾಸ್9 ಎಂಬ ಪ್ರೋಟೀನು ಒಂದಕ್ಷರ ತಪ್ಪಿದರೂ ಹಿಡಿಯಲು ಒಪ್ಪುವುದಿಲ್ಲ. ನಿಮ್ಮಂಥ ಮೇಷ್ಟ್ರಿಗೆ ಇಷ್ಟವಾಗುವ ಪ್ರೋಟೀನು. ಅದು ಹಿಡಿದದ್ದು ಕಾಗದದ ಮೇಲೆ ಗೆರೆಯಾಗಿ ಕಾಣುತ್ತದೆ. ಆದರೆ ಅಲ್ಲೂ ಮೊದಲು ಪಿಸಿಆರ್ ಆಗಲೇಬೇಕು.

ಆ ಯಂತ್ರವನ್ನು ಬಿಟ್ಟು ಮಾಡುವ ದಾರಿಗಳೂ ಇವೆ. ‘ಲ್ಯಾಂಪ್’ ಎಂಬ ವಿಧಾನಕ್ಕೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕು. ನನಗೆ ಜಾಸ್ತಿ ಹಿಡಿಸಿದ್ದು 2014ರಲ್ಲಿ ಅಮೆರಿಕದಲ್ಲಿ ಕೀತ್ ಪಾರ್ಡಿ, ಜೇಮ್ಸ್ ಕಾಲಿನ್ಸ್ ತೋರಿಸಿದ ಉಪಾಯ. ಜೀವಕೋಶದ ಒಳಗೆ ಜೀನನ್ನು ಓದುವ ಸರಕನ್ನು ಕಾಗದಕ್ಕೆ ಹೀರಿಸಿ, ಹೆಪ್ಪುಗಟ್ಟಿಸಿ ಒಣಗಿಸಿಟ್ಟರು. ನಮ್ಮ ಸಂಡಿಗೆಯ ಹಾಗೆ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಟ್ಟು, ಆಮೇಲೆ ನೀರು ಹಾಕಿದರೆ ಸಾಕು, ಕೆಲಸ ಶುರು. 2016ರಲ್ಲಿ ಜೀಕಾ ವೈರಸ್‌ಗೆ ಅದನ್ನೇ ಬಳಸಿದಾಗ ಹಳದಿ ಕಾಗದ ನೇರಳೆಗೆ ತಿರುಗಿತು. ಅಲ್ಲೂ ನಕಲು ಮಾಡುವ ಹಂತ ತಪ್ಪಲಿಲ್ಲ, ಬಿಸಿ ಮಾತ್ರ 41 ಡಿಗ್ರಿಗೆ ಇಳಿದಿತ್ತು.

ಈಗ ನಿಮ್ಮ ಹಾಡಿ. 2023ರ ಜುಲೈನಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ನಮ್ಮ ರಾಜ್ಯವೂ ಇದೆ. ಇಂಥ ಕ್ಯಾಂಪುಗಳಲ್ಲಿ ಬೆರಳಿಗೆ ಚುಚ್ಚಿ ನೋಡುವ ಪಟ್ಟಿ ಜೀನ್ ಪರೀಕ್ಷೆಯೇ ಅಲ್ಲ. ಅದು ಹಿಮೋಗ್ಲೋಬಿನ್ನನ್ನೇ ನೋಡುತ್ತದೆ, ನಕಲು ಬೇಕಿಲ್ಲ, ಕೆಲವೇ ನಿಮಿಷ ಸಾಕು. ಸುಮ್ನೆ ಹೆಸರಿಗಲ್ಲ, ಒಳ್ಳೆಯ ಪರೀಕ್ಷೆಯೇ. ಮೈಸೂರಿಗೆ ಹೋಗುವ ರಕ್ತ ಬಹುಶಃ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಖಚಿತಪಡಿಸಲು. ಆ ಯಂತ್ರ ಪಿಎಚ್‌ಸಿಗೆ ಬರುವ ಗಾತ್ರದ್ದೂ ಅಲ್ಲ, ಬೆಲೆಯದ್ದೂ ಅಲ್ಲ.

ಆದರೆ ನಿಮ್ಮ ಹುಡುಗನ ವಿಷಯದಲ್ಲಿ ಆ ಪಟ್ಟಿಯನ್ನು ನಂಬಬೇಡಿ. ಅವನ ಮೈಯಲ್ಲಿ ಈಗ ಇನ್ನೊಬ್ಬರ ಕೆಂಪು ರಕ್ತಕಣಗಳೂ ಓಡಾಡುತ್ತಿವೆ. ಅವುಗಳ ಆಯಸ್ಸು 120 ದಿನದವರೆಗೆ. ಪಟ್ಟಿಗೆ ಕಂಡ ಒಳ್ಳೆಯ ಹಿಮೋಗ್ಲೋಬಿನ್ ಆ ದಾನಿಯದ್ದೇ ಇರಬಹುದು, ಅಲ್ವಾ? ಎಚ್‌ಪಿಎಲ್‌ಸಿಗೂ ಇದೇ ತೊಡಕು. ಹುಡುಗನದೇ ಜೀನನ್ನು ನೋಡುವ ಪರೀಕ್ಷೆ ನಿಜಕ್ಕೂ ಬೇಕಾಗುವುದು ಇಂಥ ಕಡೆ. ಯಾವ ತಾರೀಖು ರಕ್ತ ಹಾಕಿಸಿದಿರಿ ಎಂದು ಅವನ ಕಾರ್ಡಿನ ಮೇಲೆ ಬರೆಸಿ, ವೈದ್ಯರಿಗೆ ತೋರಿಸಿ. ಅಪ್ಪ, ಅಮ್ಮ ಇಬ್ಬರ ರಕ್ತವನ್ನೂ ಈಗಲೇ ಪರೀಕ್ಷೆ ಮಾಡಿಸಿ. ಅವರಿಗೆ ಯಾರೂ ರಕ್ತ ಹಾಕಿಲ್ಲದಿದ್ದರೆ ಅವರ ಪಟ್ಟಿ ಸರಿಯಾಗಿಯೇ ಹೇಳುತ್ತದೆ. ಇಬ್ಬರೂ ವಾಹಕರು, ಅಂದರೆ ತಪ್ಪಿದ ಜೀನಿನ ಒಂದೊಂದು ಪ್ರತಿ ಇರುವವರು, ಅಂತ ಬಂದರೆ ಹುಡುಗನಿಗೆ ಎರಡೂ ಬಂದು ಕಾಯಿಲೆಯೇ ಇರಬಹುದು; ಅವನನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ. ನಾಲ್ಕು ತಿಂಗಳು ಕಳೆಯಲಿ ಎಂದು ಕಾಯಬೇಡಿ.