ನಿಂತೇ ಇರುವ ಕೆಲಸ, ಕೇಳಲಾಗದ ಸ್ಟೂಲು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.)

ಮಂಡ್ಯ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಚೆಕ್ಕಿಂಗ್ (ಹೊಲಿದ ಬಟ್ಟೆಯ ತಪಾಸಣೆ) ಮಾಡುವ ಹೆಣ್ಣುಮಗಳು, ವಯಸ್ಸು 40ರ ಹತ್ತಿರ. ನಿದ್ದೆಯಿಲ್ಲ, ಮಕ್ಕಳ ಮೇಲೆ ರೇಗುತ್ತೇನೆ ಎಂದು ನನ್ನ ಬಳಿ ಸಲಹೆ ಕೇಳಿ ಬಂದವರು. ಮಾತು ಬಿಚ್ಚಿದಂತೆ ಕಾಲಿನ ವಿಷಯ ಹೊರಬಿತ್ತು. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಬಿಗಿಯುತ್ತದೆ, ಸಂಜೆಗೆ ಎರಡೂ ಪಾದ ಊದುತ್ತವೆ, ರಾತ್ರಿ ಸೊಂಟ ಹಿಡಿಯುತ್ತದೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ದಿನವೂ ನುಂಗುತ್ತಿದ್ದರು.

"ಭಾನುವಾರ ಮನೇಲಿ ಇದಕ್ಕಿಂತ ಜಾಸ್ತಿ ಗೇಯ್ತೀನಿ ಮೇಡಂ, ಆವಾಗ ಇಷ್ಟು ನೋಯಕಿಲ್ಲ. ಇಲ್ಲಿ ಬರೀ ನಿಂತಿರೋದು. ಏನೋ ದೊಡ್ಡ ಕಾಯಿಲೆನೇ ಇರಬೇಕು."

ಉತ್ತರ ಅವರ ಮಾತಿನಲ್ಲೇ ಇತ್ತು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ, ಬಿಟ್ಟು, ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲುಗಾಡದೆ ನಿಂತರೆ ರಕ್ತ ಕೆಳಗೇ ತಂಗುತ್ತದೆ. ಬಿಗಿದೇ ಇರುವ ಸೊಂಟದ ಸ್ನಾಯುವಿಗೂ ರಕ್ತ ಸಾಲದು. ಇಷ್ಟು ಕೇಳಿ ಅರ್ಧ ಭಯ ಇಳಿಯಿತು. ಆದರೂ ಡಾಕ್ಟರಿಗೆ ತೋರಿಸಲು ಹೇಳಿದೆ. ಒಂದೇ ಕಾಲು ಊದಿ, ಬಿಸಿಯಾಗಿ ನೋಯತೊಡಗಿದರೆ ದಣಿವೆಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮೇಜಿನಡಿ 4-6 ಇಂಚಿನ ಮಣೆ ಇಟ್ಟು ಕಾಲು ಬದಲಿಸುತ್ತಿರಿ ಎಂದೆ. ಒಂದೊಂದು ಬಂಡಲ್ ಮುಗಿದಾಗಲೂ ಹಿಮ್ಮಡಿ ಹತ್ತು ಸಲ ಎತ್ತಿ ಇಳಿಸಿ. (ಗಂಟೆ ನೋಡಿ ಮಾಡಿ ಎಂದರೆ ಟಾರ್ಗೆಟ್ ನಡುವೆ ಯಾರೂ ಮಾಡುವುದಿಲ್ಲ.) ಸವೆದ ಹವಾಯಿ ಚಪ್ಪಲಿ ಬಿಡಿ, ಮೆತ್ತನೆ ಅಟ್ಟೆಯದು ಹಾಕಿ. ಶೌಚಾಲಯಕ್ಕೆ ಹೋದರೆ ಸೂಪರ್‌ವೈಸರ್ ಗೊಣಗುತ್ತಾರೆಂದು ಈಕೆ ನೀರೇ ಕುಡಿಯುತ್ತಿರಲಿಲ್ಲ. ನೀರು ಕುಡಿಯಿರಿ, ಹೋಗಿಬರುವ ಆ ನಡಿಗೆಯೂ ಕಾಲಿಗೆ ಬೇಕು.

ಕಗ್ಗಂಟಾದದ್ದು ಸ್ಟೂಲು. "ಕೂತ್ರೆ ಮೈಗಳ್ಳಿ ಅಂತಾರೆ" ಎಂದು ತಲೆ ತಗ್ಗಿಸಿದರು. ನಿಂತು ದುಡಿಯುವವರಿಗೆ ಸಂದು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದು ಉಳಿದಿದೆ. ಅವರಿಗಿದು ಹೊಸ ಸುದ್ದಿ. ಕಾನೂನು ಹಿಡಿದು ಒಬ್ಬರೇ ಜಗಳಕ್ಕೆ ನಿಲ್ಲಬೇಡಿ, ಚೆಕ್ಕಿಂಗ್‌ನವರೆಲ್ಲ ಸೇರಿ ಎಚ್‌ಆರ್ ಬಳಿ ಹೋಗಿ ಎಂದೆ. ಏನು ಹೇಳಬೇಕೆಂದು ನನ್ನೆದುರೇ ಎರಡು ಸಲ ಆಡಿ ನೋಡಿದರು.

ಈಗ ಎರಡು ಮೇಜಿಗೊಂದು ಸ್ಟೂಲು ಬಂದಿದೆ, ಸರದಿ ಮೇಲೆ ಕೂರುತ್ತಾರೆ. ಅದು ಸಾಲದು ಎಂದೇ ನನ್ನ ಅಭಿಪ್ರಾಯ. ನಿದ್ದೆ ಸುಧಾರಿಸಿದೆ. ಮಾತ್ರೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಮುಂದಿನ ಭೇಟಿ ಅದಕ್ಕೆ.