ಮಾತ್ರೆ, ವಂಕಿ ಕೇಳಿದ ತಂಗಿಗೆ

ತಂಗಿ,

ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಇಂಗ್ಲೆಂಡಿನ ರೆಡಿಂಗ್‌ಗೆ ಈಗಷ್ಟೇ ಬಂದಿದ್ದೀನಿ, ಮಗು ಈಗಲೇ ಬೇಡ ಅಂತ ಊರಿಂದ ತಂದ ಗರ್ಭನಿರೋಧಕ ಮಾತ್ರೆ ಮುಗಿಯುತ್ತಾ ಬಂತು, ವಂಕಿ (ಗರ್ಭಕೋಶದೊಳಗೆ ಹಾಕೋ ಕಾಪರ್-ಟಿ ಥರದ್ದು) ಊರಿಗೆ ಹೋದಾಗ ಹಾಕಿಸಿಕೊಳ್ಳೋಣ ಅಂತಿದ್ದೀನಿ, ಇಲ್ಲಿ ಎಷ್ಟು ಖರ್ಚಾಗುತ್ತೆ, ಗಂಡ ಜೊತೆಗೆ ಬರಲೇಬೇಕಾ ಅಂತ ಕೇಳಿದ್ದೀಯ. ಖರ್ಚಿಲ್ಲ. ಬರಲೇಬೇಕು ಅಂತಲೂ ಇಲ್ಲ. ಮಾತ್ರೆ, ಕಾಂಡೋಮ್, ಇಂಜೆಕ್ಷನ್, ವಂಕಿ, ತೋಳಿಗೆ ಹಾಕುವ ಇಂಪ್ಲಾಂಟ್ ಎಲ್ಲವೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಉಚಿತ. ಮೊದಲು ಜಿಪಿ, ಅಂದರೆ ನಿಮ್ಮ ಹತ್ತಿರದ ಸಾಮಾನ್ಯ ಡಾಕ್ಟರ ಹತ್ತಿರ ಹೆಸರು ನೋಂದಾಯಿಸು. ಬರೀ ಮಾತ್ರೆ ಸಾಕು ಅಂದರೆ, 2023ರ ಡಿಸೆಂಬರ್‌ನಿಂದ ಇಂಗ್ಲೆಂಡಿನ ಎಷ್ಟೋ ಫಾರ್ಮಸಿಗಳಲ್ಲೇ ಕೊಡ್ತಾರೆ. ಬಿಪಿ ನೋಡ್ತಾರೆ, ಅರೆತಲೆನೋವು ಬರುತ್ತಾ ಅಂತ ಕೇಳ್ತಾರೆ. ಮುಚ್ಚಿಡಬೇಡ, ಅಂಥವರಿಗೆ ಕೆಲವು ಮಾತ್ರೆ ಆಗಿಬರೋದಿಲ್ಲ. ಊರಿನ ಮಾತ್ರೆಯ ಖಾಲಿ ಪಟ್ಟಿ ಎಸೆಯದೆ ತಗೊಂಡು ಹೋಗಿ ತೋರಿಸು.

ನಾನು ಬಂದ ಹೊಸದರಲ್ಲಿ ಕ್ಲಿನಿಕ್ಕಿನ ನರ್ಸು ಎಲ್ಲವನ್ನೂ ಮೇಜಿನ ಮೇಲೆ ಹರಡಿ, "ನಿನಗೆ ಯಾವುದು ಬೇಕು?" ಅಂತ ಕೇಳಿದಳು. ನನಗೆ ಬಾಯೇ ಬರಲಿಲ್ಲ. ದಾವಣಗೆರೆಯಲ್ಲಿ ನಮ್ಮಕ್ಕನಿಗೆ ಎರಡನೇ ಹೆರಿಗೆಯಾದಾಗ ಮಕ್ಕಳಾಗದ ಆಪರೇಷನ್ ಬಗ್ಗೆ ಮಾತಾಡಿದ್ದು ಅಮ್ಮ ಮತ್ತು ಅಕ್ಕನ ಅತ್ತೆ, ಅದೂ ವಾರ್ಡಿನ ಹೊರಗೆ. ಅಕ್ಕನ ಹಾಸಿಗೆವರೆಗೆ ಬಂದದ್ದು ಸಹಿ ಹಾಕೋ ಕಾಗದ ಮಾತ್ರ. ಆಗ ಅವಳಿಗೆ ಇಪ್ಪತ್ನಾಲ್ಕು. ಭಾವ ಬೇಕಾದರೆ ಮಾಡಿಸ್ಕೊಳ್ಳಲಿ ಅಂತ ಯಾರೂ ಅನ್ನಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ಶೇ. 37.9ರಷ್ಟು ಜನಕ್ಕೆ ಆಪರೇಷನ್ ಆಗಿದೆ. ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು. ಗಂಡಸರ ಆಪರೇಷನ್ ದೇಶದಲ್ಲಿ ಶೇ. 0.3. ಗಂಡಸರದ್ದೇ ಸುಲಭದ್ದು, ಹೊಟ್ಟೆ ಕೊಯ್ಯೋದಿಲ್ಲ, ಅವತ್ತೇ ಮನೆಗೆ ಬರಬಹುದು. ಆದರೂ 1975–77ರ ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಹಿಡಿದು ಮಾಡಿಸಿದ ಭಯ ಒಂದು, ಶಕ್ತಿ ಹೋಗುತ್ತೆ ಅನ್ನೋ ಸುಳ್ಳು ಇನ್ನೊಂದು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಹೊರಡಿಸಿದ್ದು ನಮ್ಮ ಮೈಸೂರು ಸಂಸ್ಥಾನ. ಅದನ್ನು ಇಲ್ಲಿಯವರಿಗೆ ಎದೆಯುಬ್ಬಿಸಿ ಹೇಳ್ತೀನಿ. ಅಂಥ ನಾಡಲ್ಲಿ ಇವತ್ತಿಗೂ ಎಲ್ಲ ಭಾರ ಹೆಂಗಸಿನ ಮೇಲೇ ಅಂದಾಗ ಸಂಕಟವಾಗುತ್ತೆ.

ನಮಗೆ ಎರಡನೇ ಮಗು ಆದಮೇಲೆ ನಮ್ಮನೆಯವರೇ ಮಾಡಿಸ್ಕೊಂಡರು. ಬಟ್ಟೆ ಸುತ್ತಿದ ಫ್ರೀಜರ್ ಬಟಾಣಿ ಪ್ಯಾಕೆಟ್ ಒತ್ತಿಟ್ಟುಕೊಂಡು ಸೋಫಾ ಮೇಲೆ ಕೂತಿದ್ದಾಗಲೇ ಊರಿಂದ ಅತ್ತೆಯವರ ಫೋನು. "ಆಪರೇಷನ್ ಆಯ್ತೇನವ್ವಾ?" ಅಂದರು. ಇವರು ಬೇಡ ಅಂತ ಕೈ ಆಡಿಸಿದರು. ನಾನು ಹೂಂ ಅಂದೆ. ನನ್ನ ಸೊಂಟಕ್ಕೆ ಶಕ್ತಿ ಬರಲಿ ಅಂತ ಅತ್ತೆ ಯಾರದೋ ಕೈಲಿ ಅಂಟಿನುಂಡೆ ಕಳಿಸಿಕೊಟ್ಟರು. ಈಗ ಅವರಿಲ್ಲ. ಅವರ ಕಾಲದಲ್ಲಿ ಯಾವ ಗಂಡಸೂ ಹೆಂಡತಿಗಾಗಿ ಇಷ್ಟು ಮಾಡಿದ್ದನ್ನು ಅವರು ನೋಡಿರಲಿಲ್ಲ. ತನ್ನ ಮಗ ಮಾಡಿದ ಅಂತ ಗೊತ್ತಾಗದೇ ಹೋದರಲ್ಲ ಅನ್ನೋದು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಿಮ್ಮತ್ತೆ ಪ್ರತಿ ಫೋನಿನಲ್ಲೂ "ವಿಶೇಷ ಏನಾದ್ರೂ ಉಂಟಾ" ಅಂತಾರೆ ಅಂದಿದ್ದೀಯ. ಅದಕ್ಕೆ ನೀನೊಬ್ಬಳೇ ಉತ್ತರ ಹುಡುಕಬೇಡ. ಮಗು ಯಾವಾಗ ಅಂತ ಮೊದಲು ನೀವಿಬ್ಬರೂ ಕೂತು ಮಾತಾಡಿ, ಆಮೇಲೆ ಅತ್ತೆಗೆ ಹೇಳೋದನ್ನು ಅವರ ಮಗನೇ ಹೇಳಲಿ.

ವಂಕಿಯನ್ನು ಊರಿಗೆ ಹೋದಾಗ ಹಾಕಿಸಿಕೊಳ್ಳೋ ಯೋಚನೆ ಬಿಡು. ರಜೆ ಮುಗಿಸಿ ಬಂದಮೇಲೆ ಹೊಟ್ಟೆನೋವು ಬಂದರೆ ಇಲ್ಲಿಯವರೇ ನೋಡಬೇಕು. ಲೇಡಿ ಡಾಕ್ಟರೇ ಬೇಕು ಅಂತ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳು. ದಿನ ಸಿಗೋದು ತಡವಾಗಬಹುದು, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡ.